ಕೋತ್ ದ್ಯು ರೋನ್ ಕೆಂಪು ವೈನ್: ಒಳಗೆ ಯಾವ ದ್ರಾಕ್ಷಿ, ಜೊತೆಗೆ ಯಾವ ಅಡುಗೆ?

ಲಿಯೋಂ_ಲಲಿತ:
ನಮಸ್ಕಾರ ಎಲ್ರಿಗೂ. ಶನಿವಾರ ಯಜಮಾನರ ಆಫೀಸಿನವರು ನಮ್ಮನೆಗೆ ಊಟಕ್ಕೆ ಬರ್ತಿದಾರೆ. ವಿಷಯ ಗೊತ್ತಾಗಿ ಪಕ್ಕದ ಮನೆ ಅಜ್ಜ ಕೆಂಪು ವೈನ್ ಬಾಟಲಿಗಳನ್ನ ಕೈಗಿಟ್ಟು ಹೋದರು. ಕೋತ್ ದ್ಯು ರೋನ್ ವಿಲಾಜ್ ಅಂತೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ತೋಟದ ಹೆಸರಿದೆ, ಇಸವಿ ಇದೆ, ಆಲ್ಕೋಹಾಲ್ 14.5% ಅಂತಿದೆ, ಗರ್ಭಿಣಿಯರು ಕುಡೀಬಾರದು ಅನ್ನೋ ಪುಟ್ಟ ಚಿತ್ರ ಇದೆ. ಯಾವ ದ್ರಾಕ್ಷಿ ಅನ್ನೋದು ಮಾತ್ರ ಎಲ್ಲೂ ಇಲ್ಲ!

ಬೆಂಗಳೂರಲ್ಲಿದ್ದಾಗ ಶಿರಾಜ್, ಕ್ಯಾಬರ್ನೆ ಅಂತ ಹೆಸರು ನೋಡಿ ತಗೋತಿದ್ವಿ. ಇದು ನಾಲ್ಕಾರು ದ್ರಾಕ್ಷಿ ಬೆರೆಸಿದ್ದು ಅಂತಾರೆ ಯಜಮಾನರು. ಏನೇನು ಬೆರೆಸಿರ್ತಾರೆ? ರುಚಿ ಹೇಗಿರುತ್ತೆ? ಎಲ್ಲಕ್ಕಿಂತ ಮುಖ್ಯ, ಜೊತೆಗೆ ಏನು ಮಾಡಲಿ? ಬಿಸಿಬೇಳೆಬಾತ್, ಬದನೆಕಾಯಿ ಎಣ್ಣೆಗಾಯಿ, ಮಟನ್ ಪೆಪ್ಪರ್ ಫ್ರೈ ಅಂದ್ಕೊಂಡಿದೀನಿ. ಬರೋರಲ್ಲಿ ಒಬ್ಬರು ಕಟ್ಟಾ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ.

ಕೋರಮಂಗಲ_ಕಿಟ್ಟಿ:
ಬೆರೆಸಿದ್ದು ಅಂದ್ರೆ ಉಳಿದಿದ್ದು ಬಳಿದಿದ್ದು ಸೇರಿಸಿದ್ದು, ಅಷ್ಟೇ. ಒಳ್ಳೆ ದ್ರಾಕ್ಷಿ ಹಾಕಿದ್ರೆ ಹೆಸರು ಬರ್ಕೊಳ್ಳೋಕೆ ಏನು ನಾಚಿಕೆ? ಒಂದೇ ದ್ರಾಕ್ಷಿಯ ವೈನ್ ತಗೊಳ್ಳಿ ಲಲಿತಕ್ಕ, ಈ ತಲೆನೋವೇ ಇರಲ್ಲ.

ಅವಿನ್ಯೋಂ_ಅಣ್ಣ:
ಶುರು ಹಚ್ಕೊಂಡ ಕಿಟ್ಟಿ 😀

ಲಲಿತಮ್ಮ, ಫ್ರಾನ್ಸಲ್ಲಿ ಲೇಬಲ್ ಮೇಲೆ ಹೆಚ್ಚಾಗಿ ಊರಿನ ಹೆಸರು ಬರುತ್ತೆ, ದ್ರಾಕ್ಷಿಯದ್ದಲ್ಲ. ಆ ಊರಿನ ಹೆಸರು ಹಾಕ್ಕೋಬೇಕು ಅಂದ್ರೆ ಯಾವ ದ್ರಾಕ್ಷಿ ಬೆಳೀಬೇಕು, ಎಕರೆಗೆ ಎಷ್ಟು ಇಳುವರಿ ತೆಗೀಬಹುದು ಅಂತ ಕಾನೂನೇ ಇದೆ. ‘ಕೋತ್ ದ್ಯು ರೋನ್’, ಅಂದ್ರೆ ರೋನ್ ನದಿಯ ಇಳಿಜಾರು, ಅಂತ ಓದಿದ ತಕ್ಷಣ ಇಲ್ಲಿಯವರಿಗೆ ಒಳಗೇನಿದೆ ಅಂತ ಅಂದಾಜು ಸಿಕ್ಕಿಬಿಡುತ್ತೆ. ಈ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1937ರಲ್ಲಿ. ಅದಕ್ಕೂ 200 ವರ್ಷ ಮೊದಲೇ, 1737ರಲ್ಲಿ, ಅವಿನ್ಯೋಂ ಪಕ್ಕದ ರೊಕ್‌ಮೋರ್ ಬಂದರಿಂದ ಹೋಗೋ ಪೀಪಾಯಿಗಳ ಮೇಲೆ ಸಿ.ಡಿ.ಆರ್. ಅಂತ ಬರೆ ಹಾಕಬೇಕು ಅಂತ ರಾಜಾಜ್ಞೆ ಆಗಿತ್ತು. ಬೇರೆ ಊರಿನ ಸರಕು ಇದರ ಹೆಸರಲ್ಲಿ ಮಾರಾಟ ಆಗ್ತಿತ್ತಂತೆ, ಅದಕ್ಕೆ.

ಒಳಗಿರೋದು ಹೆಚ್ಚಾಗಿ ಮೂರು. ದೊಡ್ಡ ಪಾಲು ಗ್ರೆನಾಶ್. ಮೂಲ ಸ್ಪೇನಿಂದು, ಬಿಸಿಲಿಗೂ ಗಾಳಿಗೂ ಜಗ್ಗಲ್ಲ. ಸಕ್ಕರೆ ಜಾಸ್ತಿ ತುಂಬಿಕೊಳ್ಳುತ್ತೆ, ನಿಮ್ಮ 14.5% ಬಂದಿದ್ದು ಅಲ್ಲಿಂದಲೇ. ಬಾಯಿಗೆ ದುಂಡಗೆ, ಮೆತ್ತಗೆ, ಹಣ್ಣಾದ ಸ್ಟ್ರಾಬೆರಿ ವಾಸನೆ. ಆದ್ರೆ ಸಿಪ್ಪೆ ತೆಳು, ಬಣ್ಣ ಕಮ್ಮಿ, ಹುಳಿ ಕಮ್ಮಿ, ಗಾಳಿ ತಾಗಿದ್ರೆ ಬೇಗ ಮುಪ್ಪಾಗುತ್ತೆ. ಎರಡನೇದು ಸಿರಾ, ನೀವು ಬೆಂಗಳೂರಲ್ಲಿ ತಗೋತಿದ್ದ ಶಿರಾಜ್ ಇದೇ. ಕಡುಬಣ್ಣ, ಬಿಗಿ, ಕಾಳುಮೆಣಸಿನ ವಾಸನೆ ಅದರ ಕೊಡುಗೆ. ಮೂರನೇದು ಮೂರ್ವೆದ್ರ. ಎಲ್ಲಕ್ಕಿಂತ ತಡವಾಗಿ ಮಾಗೋದು, ಒಗರು ಜಾಸ್ತಿ, ಚಕ್ಕಳದ, ಹಸಿ ಮಾಂಸದ ಥರ ಒಂದು ಗಾಢ ವಾಸನೆ. ಇದಕ್ಕೆ ‘ಕಾಲು ನೀರಲ್ಲಿ, ತಲೆ ಬಿಸಿಲಲ್ಲಿ’ ಇರಬೇಕು ಅಂತಾರೆ ಇಲ್ಲಿನ ರೈತರು. ಸೇನ್ಸೊ, ಕಾರಿನ್ಯಾನ್ ಕೂಡ ಸ್ವಲ್ಪ ಸ್ವಲ್ಪ ಇರಬಹುದು.

ಒಂದೊಂದನ್ನೂ ಬೇರೆ ಬೇರೆ ತೊಟ್ಟಿಯಲ್ಲಿ ಹುದುಗಿಸಿ, ಆಮೇಲೆ ಕೂತು ರುಚಿ ನೋಡಿ ಬೆರೆಸೋರೇ ಜಾಸ್ತಿ. ಉಳಿದಿದ್ದು ಬಳಿದಿದ್ದು ಅಲ್ಲ ಕಿಟ್ಟಿ.

ಕೋರಮಂಗಲ_ಕಿಟ್ಟಿ:
ಅಂದ್ರೆ ಗ್ರೆನಾಶ್‌ಗೆ ಬಣ್ಣ ಇಲ್ಲ, ಹುಳಿ ಇಲ್ಲ ಅಂತ ಇನ್ನೊಂದನ್ನ ಸೇರಿಸಿ ತೇಪೆ ಹಾಕ್ತಾರೆ. ನಾನು ಹೇಳಿದ್ದೂ ಅದನ್ನೇ ತಾನೇ?

ಚಿಕ್ಕಮಗಳೂರು_ಚೀಟಿ:
ಕಿಟ್ಟಿಯವರೇ, ನೀವು ಕಾಫಿಪುಡಿ ತಗೊಳ್ಳುವಾಗ ಅಂಗಡಿಯವನಿಗೆ ಏನು ಹೇಳ್ತೀರಿ? ‘ಪೀಬೆರಿ ಇಷ್ಟು, ರೊಬಸ್ಟಾ ಇಷ್ಟು’ ಅಂತ ತಾನೇ? ಅರೇಬಿಕಾದ ಘಮ, ರೊಬಸ್ಟಾದ ಗಟ್ಟಿತನ. ಅದನ್ನ ತೇಪೆ ಅಂತೀರಾ?

ಕೋರಮಂಗಲ_ಕಿಟ್ಟಿ:
ಚಿಕೋರಿ ಹಾಕಿದ್ರೆ ಖಂಡಿತ ಅಂತೀನಿ.

ಚಿಕ್ಕಮಗಳೂರು_ಚೀಟಿ:
ಚಿಕೋರಿ ದ್ರಾಕ್ಷಿ ಅಲ್ಲ, ಬೇರು. ವಿಷಯ ಬಿಟ್ಟು ಓಡಬೇಡಿ.

ಧಾರವಾಡದಾಂವ:
ಚಿಕೋರಿ ಇಲ್ದ ಕಾಫಿ ಕುಡದು ಬದುಕೂದ ಹ್ಯಾಂಗ್ರಿ? ನಮಗಂತೂ ಚಾ ಸಾಕು. ನಡೀಲಿ ಜಗಳ, ಓದಾಕ ಕೂತೀನಿ.

ಮೊಂಪೆಲಿಯೆ_ಮಾಧವ:
ಕಿಟ್ಟಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಇದೇ ರೋನ್ ಕಡೆಯ ಶಾತೊನಫ್ ದ್ಯು ಪಾಪ್ ಊರಿನ ಶಾತೊ ರಾಯಾಸ್ ತೋಟ ನೋಡಿ, ಅವರ ಕೆಂಪು ವೈನ್ 100% ಗ್ರೆನಾಶ್. ಮರಳು ನೆಲ, ಸುತ್ತ ಕಾಡು, ತಂಪು ಜಾಗ. ಅಲ್ಲಿ ಗ್ರೆನಾಶ್‌ಗೆ ಯಾರ ಹಂಗೂ ಬೇಡ. ಅದರ ಬೆಲೆ ಕೇಳಿದ್ರೆ ಎದೆ ಹಿಡ್ಕೋಬೇಕು, ಅದು ಬೇರೆ ಮಾತು. ಅದೇ ಊರಿನ ಬೊಕಾಸ್ತೆಲ್‌ನವರು ಅನುಮತಿ ಇರೋ 13 ತಳಿಗಳನ್ನೂ ಬೆಳೆದು ಬೆರೆಸ್ತಾರೆ, ಅದರಲ್ಲೂ ಮೂರ್ವೆದ್ರ ಪಾಲು ಧಾರಾಳ. ಎರಡೂ ಜಗತ್ಪ್ರಸಿದ್ಧ. ಹಾಗಾಗಿ ಒಂದೇ ದ್ರಾಕ್ಷಿ ಮೇಲೋ ಬೆರಕೆ ಮೇಲೋ ಅನ್ನೋದಕ್ಕಿಂತ ನೆಲ ಯಾವುದು, ಮಾಡೋರು ಯಾರು ಅನ್ನೋದು ದೊಡ್ಡದು.

ಬೆರೆಸೋದಕ್ಕೆ ಹೊಟ್ಟೆಪಾಡಿನ ಕಾರಣನೂ ಇದೆ, ಅದನ್ನ ಯಾರೂ ಹೇಳಲ್ಲ. ಗ್ರೆನಾಶ್ ಹೂ ಬಿಡೋ ಕಾಲಕ್ಕೆ ಮಳೆ-ಚಳಿ ಬಂದ್ರೆ ಹೂ ಉದುರಿ ಫಸಲು ಹೋಗುತ್ತೆ. ತೋಟದಲ್ಲಿ ಬೇರೆ ತಳಿನೂ ಇದ್ರೆ ಆ ವರ್ಷ ಅದು ಕೈ ಹಿಡಿಯುತ್ತೆ. ರೈತನಿಗೆ ಮೊದಲು ಬೇಕಾದ್ದು ಅದು, ರುಚಿಯ ಮಾತೆಲ್ಲ ಆಮೇಲೆ.

ಅವಿನ್ಯೋಂ_ಅಣ್ಣ:
ಸರಿಯಾಗಿ ಹೇಳಿದ್ರಿ. ಇನ್ನೊಂದು ಸೇರಿಸ್ತೀನಿ. ರೋನ್ ಅಂದ್ರೆ ಎಲ್ಲಾ ಬೆರಕೆ ಅಲ್ಲ. ಉತ್ತರ ರೋನ್‌ನಲ್ಲಿ, ಲಲಿತಮ್ಮ ಇರೋ ಲಿಯೋಂ ಕಡೆಯಿಂದ ಕೆಳಗೆ ಬಂದ್ರೆ, ಕೋತ್ ರೋತಿ, ಎರ್ಮಿತಾಜ್, ಕೋರ್ನಾ, ಎಲ್ಲ ಸಿರಾ ರಾಜ್ಯ. ಅಲ್ಲಿ ಬೇರೆ ಕೆಂಪು ದ್ರಾಕ್ಷಿ ಬೆರೆಸೋ ಹಾಗಿಲ್ಲ. ತಮಾಷೆ ಅಂದ್ರೆ ಕೋರ್ನಾ ಬಿಟ್ಟು ಉಳಿದೆರಡರಲ್ಲಿ ಬಿಳಿ ದ್ರಾಕ್ಷಿ ಬೆರೆಸಬಹುದು! ಕೋತ್ ರೋತಿಯಲ್ಲಿ ವಿಯೋನ್ಯೆ ಅನ್ನೋ ಬಿಳಿ ದ್ರಾಕ್ಷಿಯನ್ನ 20%ವರೆಗೆ ಸಿರಾ ಜೊತೆಗೇ ಹುದುಗಿಸೋಕೆ ಅನುಮತಿ ಇದೆ. ಘಮ ಏರುತ್ತೆ, ಬಣ್ಣನೂ ಗಟ್ಟಿಯಾಗಿ ನಿಲ್ಲುತ್ತೆ.

ಪುತ್ತೂರಿನ_ಪದ್ಮ:
ಅಲ್ಲ ಮಾರಾಯ್ರೆ, ಅಕ್ಕ ಕೇಳಿದ್ದು ಊಟದ ಬಗ್ಗೆ. ನೀವೆಲ್ಲ ದ್ರಾಕ್ಷಿಯ ಜಾತಕ ಬರೀತಾ ಕೂತಿದ್ದೀರಿ. ಶನಿವಾರ ಬಂದೇ ಬಿಡ್ತದೆ.

ಸಿಯಾ_ಬೆಳ್ಳಿಯಪ್ಪ:
ಪೆಪ್ಪರ್ ಫ್ರೈ ಕಣ್ಣು ಮುಚ್ಚಿ ಮಾಡಿ. ಸಿರಾದಲ್ಲಿ ಕಾಳುಮೆಣಸಿನ ವಾಸನೆ ಅಂತ ಅಣ್ಣ ಹೇಳಿದ್ದು ಬರೀ ವರ್ಣನೆ ಅಲ್ಲ. ರೋಟಂಡೋನ್ ಅಂತ ಒಂದು ಪದಾರ್ಥ ಇದೆ, ಅದೇ ಸಿರಾದಲ್ಲೂ ಇದೆ, ನಮ್ಮ ಕಾಳುಮೆಣಸಲ್ಲೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಂಡು ಹಿಡಿದು ಪ್ರಕಟಿಸಿದ್ರು. ಕೆಲವರಿಗೆ ಮಾತ್ರ ಆ ವಾಸನೆ ಮೂಗಿಗೆ ಹತ್ತೋದೇ ಇಲ್ಲ, ಎಷ್ಟು ಮೂಸಿದ್ರೂ ಅಷ್ಟೇ.

ಆದ್ರೆ ಮೆಣಸಿನಕಾಯಿ ಬೇರೆ, ಕಾಳುಮೆಣಸು ಬೇರೆ. ಬ್ಯಾಡಗಿಯನ್ನ ಬಣ್ಣಕ್ಕೆ ಹಾಕಿ, ಗುಂಟೂರು ಕೈ ಬಿಡಿ. ನಮ್ಮ ಕಡೆ ಪಂದಿ ಕರಿ ಜೊತೆ ಈ ಥರದ ವೈನ್ ಕುಡಿದು ನೋಡಿದೀನಿ. ಕೊಬ್ಬು, ಹುರಿದ ಮಸಾಲೆ, ಮೆಣಸು, ಕೊನೆಗೆ ಕಾಚಂಪುಳಿ. ಮೂರ್ವೆದ್ರ ಜಾಸ್ತಿ ಇರೋ ವೈನ್ ಅದಕ್ಕೆ ಸಮಕ್ಕೆ ನಿಲ್ಲುತ್ತೆ.

ರಸಾಯನ_ರಾವ್:
ಖಾರದ ವಿಷಯಕ್ಕೆ ಒಂದು ಮಾತು. ‘ಕೆಂಪು ವೈನ್‌ಗೆ ಖಾರ ಆಗಲ್ಲ’ ಅಂತ ಸಾರಾಸಗಟು ಹೇಳ್ತಾರೆ, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ತೊಂದರೆ ಕೊಡೋದು ಆಲ್ಕೋಹಾಲ್ ಮತ್ತು ಒಗರು. ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಯಾವ ನರವನ್ನ ಮುಟ್ಟುತ್ತೋ ಆಲ್ಕೋಹಾಲೂ ಅದನ್ನೇ ಕೆಣಕುತ್ತೆ. ಉರಿ ಮೇಲೆ ಉರಿ. 12.5% ವೈನ್ ಆದ್ರೆ ತಡ್ಕೋಬಹುದು, 14.5% ಅಂದ್ರೆ ಕಣ್ಣಲ್ಲಿ ನೀರು.

ಬಿಸಿಬೇಳೆಬಾತ್ ನನ್ನ ಪ್ರಕಾರ ಬೇಡ. ಹುಣಸೆಹಣ್ಣು, ಬೆಲ್ಲ, ಖಾರ ಮೂರೂ ಒಟ್ಟಿಗೆ. ಊಟದಲ್ಲಿ ಸಿಹಿ ಇದ್ರೆ ವೈನ್ ಕಹಿಯಾಗಿ, ಒಗರಾಗಿ ಕಾಣುತ್ತೆ. ಊಟದ ಹುಳಿ ವೈನ್‌ನ ಹುಳಿಗಿಂತ ಜಾಸ್ತಿ ಇದ್ರೆ ವೈನ್ ಸಪ್ಪೆ. ಗ್ರೆನಾಶ್‌ಗೆ ಮೊದಲೇ ಹುಳಿ ಕಮ್ಮಿ, ನೆನಪಿರಲಿ. ಉಪ್ಪು ಮತ್ತು ಕೊಬ್ಬು ಮಾತ್ರ ಒಗರನ್ನ ಇಳಿಸುತ್ತೆ. ಎಣ್ಣೆಗಾಯಿ ಹಾಗಾಗಿ ಒಳ್ಳೇ ಆಯ್ಕೆ: ಶೇಂಗಾ, ಎಳ್ಳು, ಕೊಬ್ಬರಿ, ಎಣ್ಣೆ. ಹುಣಸೆ, ಬೆಲ್ಲ ಕೈ ಬಿಗಿ ಹಿಡಿದು ಹಾಕಿ.

ಧಾರವಾಡದಾಂವ:
ಎಣ್ಣೆಗಾಯಿ ಅಂದ್ರ ಗುರೆಳ್ಳು ಹಾಕ್ರಿ ಅಕ್ಕಾರ, ಬರೇ ಎಳ್ಳಲ್ಲ. ಜೋಡಿ ರೊಟ್ಟಿ. ವೈನ್ ಇದ್ರೂ ಸೈ, ಇಲ್ದಿದ್ರೂ ಸೈ.

ಪುತ್ತೂರಿನ_ಪದ್ಮ:
ಮೀನು ಗಸಿ ಆಗ್ಲಿಕ್ಕಿಲ್ವಾ ಇದಕ್ಕೆ?

ರಸಾಯನ_ರಾವ್:
ಬೇಡಮ್ಮ. ಕೆಂಪು ವೈನ್‌ನಲ್ಲಿರೋ ಕಬ್ಬಿಣದ ಅಂಶ ಮೀನಿನ ಎಣ್ಣೆ ಜೊತೆ ಸೇರಿ ಬಾಯಲ್ಲಿ ಕೆಟ್ಟ ಮೀನುವಾಸನೆ ಎಬ್ಬಿಸುತ್ತೆ. ಜಪಾನಿನವರು 2009ರಲ್ಲಿ ಇದನ್ನ ಪರೀಕ್ಷೆ ಮಾಡಿ ತೋರಿಸಿದಾರೆ. ಬಂಗುಡೆ, ಬೂತಾಯಿ ಥರ ಎಣ್ಣೆ ಮೀನಿಗಂತೂ ದೂರ ಇರಲಿ.

ಪುತ್ತೂರಿನ_ಪದ್ಮ:
ಹಾಗಾದ್ರೆ ನಮಗೆ ಈ ವೈನ್ ಬೇಡವೇ ಬೇಡ.

ಅವಿನ್ಯೋಂ_ಅಣ್ಣ:
ಲಲಿತಮ್ಮ, ನನ್ನದೊಂದು ಸಲಹೆ. ಬರೋ ಫ್ರೆಂಚರಿಗೆ ನಮ್ಮ ಅಡುಗೆ ಬಡಿಸಿ, ಬೇಡ ಅನ್ನಲ್ಲ. ಆದ್ರೆ ಈ ವೈನ್ ಹುಟ್ಟಿದ ಜಾಗದಲ್ಲಿ ಇದರ ಜೊತೆ ಏನು ತಿಂತಾರೆ ಅಂತ ಗೊತ್ತಿದ್ರೆ ನಮ್ಮ ಅಡುಗೆಯಲ್ಲಿ ಯಾವುದನ್ನ ಆರಿಸ್ಕೋಬೇಕು ಅನ್ನೋದು ತಾನಾಗೇ ಹೊಳೆಯುತ್ತೆ.

ಪ್ರೊವಾನ್ಸ್, ಅಂದ್ರೆ ದಕ್ಷಿಣ ಫ್ರಾನ್ಸಿನ ನಮ್ಮ ಈ ಸೀಮೆ ಕಡೆ ಚಳಿಗಾಲದ ದೊಡ್ಡ ಅಡುಗೆ ದೊಬ್. ಸಾಮಾನ್ಯವಾಗಿ ದನದ ಮಾಂಸದ್ದು, ಆದ್ರೆ ನಮ್ಮ ಅವಿನ್ಯೋಂ ದೊಬ್ ಕುರಿಮಾಂಸದ್ದು, ಆದ್ದರಿಂದ ನಮ್ಮ ಕನ್ನಡ ಗುಂಪಲ್ಲಿ ಮಾಂಸ ತಿನ್ನೋ ಎಲ್ಲರಿಗೂ ನಡೆಯುತ್ತೆ. ನಮ್ಮ ಬಾಡಿಗೆ ಮನೆ ಯಜಮಾನಿ ಮಾಡೋದನ್ನ ನಿಂತು ನೋಡಿದೀನಿ. ದಪ್ಪ ದಪ್ಪ ತುಂಡುಗಳನ್ನ ಹಿಂದಿನ ರಾತ್ರಿನೇ ವೈನ್‌ನಲ್ಲಿ ನೆನೆಹಾಕ್ತಾರೆ. ಜೊತೆಗೆ ಈರುಳ್ಳಿ, ಕ್ಯಾರೆಟ್, ಥೈಮ್, ಲಾರಲ್ ಎಲೆ, ಒಂದೆರಡು ಲವಂಗ, ಒಣಗಿಸಿದ ಕಿತ್ತಳೆ ಸಿಪ್ಪೆಯ ಒಂದು ಪಟ್ಟಿ. ಮಾರನೇ ದಿನ ಮುಚ್ಚಳ ಬಿಗಿ ಮಾಡಿ ಸಣ್ಣ ಉರಿ. ಕುದೀಬಾರದು, ಮಧ್ಯೆ ಮಧ್ಯೆ ಒಂದು ಗುಳ್ಳೆ ಎದ್ದರೆ ಸಾಕು. ಮಧ್ಯಾಹ್ನ ಆಗೋ ಹೊತ್ತಿಗೆ ಚಮಚದಲ್ಲೇ ಮುರಿಯುತ್ತೆ. ಅಜ್ಜಿ ಅದನ್ನ ಅವತ್ತೇ ಬಡಿಸಲ್ಲ, ‘ನಾಳೆ ಬಾ’ ಅಂತಾರೆ. ಆ ಕಿತ್ತಳೆ ಸಿಪ್ಪೆಯ ಕಹಿ ಮತ್ತು ಗ್ರೆನಾಶ್ ಇದೆಯಲ್ಲ, ಆಹಾ.

ಸಸ್ಯಾಹಾರಿಗಳಿಗೆ ರತತೂಯ್ ಇದ್ದೇ ಇದೆ. ಬದನೆಕಾಯಿ, ಜುಕಿನಿ, ದಪ್ಪ ಮೆಣಸಿನಕಾಯಿ, ಟೊಮೆಟೊ. ಬೇರೆ ಬೇರೆ ಹುರಿದು ಆಮೇಲೆ ಒಂದು ಮಾಡಬೇಕು, ಇಲ್ಲದಿದ್ರೆ ಗೊಜ್ಜಾಗುತ್ತೆ. ಕಪ್ಪು ಆಲಿವ್ ಅರೆದ ತಪೆನಾದ್ ಕೂಡ ಮುಂಚೆ ಬ್ರೆಡ್ ಮೇಲೆ ಕೊಡ್ತಾರೆ, ಆದ್ರೆ ಅದರಲ್ಲಿ ಆಂಚೋವಿ ಮೀನು ಸೇರಿಸೋದು ವಾಡಿಕೆ, ಅಂಗಡಿಯದ್ದಾದ್ರೆ ಡಬ್ಬಿ ಹಿಂದೆ ಓದಿ. ಚೀಸ್‌ಗೆ ಪಿಕೊದೋಂ, ಆಡಿನ ಹಾಲಿನ ಪುಟ್ಟ ಬಿಲ್ಲೆ. ನೀಲಿ ಚೀಸ್ ಬೇಡ, ಅದಕ್ಕೆ ಸಿಹಿ ವೈನ್ ಬೇಕು.

ಮೊಂಪೆಲಿಯೆ_ಮಾಧವ:
ಮುಖ್ಯವಾದ್ದು ಬಿಟ್ರಿ ಅಣ್ಣ. ಬಿಸಿ! ನಮ್ಮವರು ‘ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ’ ಅಂತ ಓದಿಕೊಂಡು ಹೀಟರ್ ಹಾಕಿದ ಹಾಲ್‌ನಲ್ಲಿ ಇಟ್ಟುಬಿಡ್ತಾರೆ. ಆ ಮಾತು ಹುಟ್ಟಿದ್ದು ಹೀಟರ್ ಇಲ್ಲದ ಕಾಲದ ತಣ್ಣನೆ ಕಲ್ಲುಮನೆಗಳಲ್ಲಿ. 15-17 ಡಿಗ್ರಿ ಇರಬೇಕು. 14.5% ವೈನ್ 23 ಡಿಗ್ರಿಯಲ್ಲಿದ್ರೆ ಬರೀ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತೆ. ಬಡಿಸೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಖಾರದ ಅಡುಗೆ ಇದ್ರೆ ಇನ್ನೊಂದು ಡಿಗ್ರಿ ಕೆಳಗೇ ಇರಲಿ.

ಕೋರಮಂಗಲ_ಕಿಟ್ಟಿ:
ಐಸ್ ಹಾಕಿದ್ರಾಯ್ತು.

ಮೊಂಪೆಲಿಯೆ_ಮಾಧವ:
ಇವರನ್ನ ಯಾರಾದ್ರೂ ಗುಂಪಿಂದ ತೆಗೀರಪ್ಪ.

ಬ್ರಸೆಲ್ಸ್_ಬನಶಂಕರಿ:
ಸಸ್ಯಾಹಾರಿ ಅತಿಥಿ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ವೈನ್‌ನಲ್ಲೇ ಮೊಟ್ಟೆ ಬಳಸಿರಬಹುದು ಅನ್ನೋದು ಗೊತ್ತಾ? ಕೆಂಪು ವೈನ್‌ನ ಒಗರು ತಗ್ಗಿಸಿ ತಿಳಿ ಮಾಡೋಕೆ ಮೊಟ್ಟೆಯ ಬಿಳಿ ಹಾಕೋದು ಹಳೇ ಪದ್ಧತಿ. ಅದು ತಳಕ್ಕಿಳಿಯುತ್ತೆ, ತೆಗೆದು ಹಾಕ್ತಾರೆ. ಹಾಲಿನ ಕೇಸೀನ್, ಮೀನಿನ ಗಾಳಿಚೀಲದ ಅಂಟು ಕೂಡ ಬಳಸೋದುಂಟು. ಬೆಂಟೋನೈಟ್ ಅನ್ನೋ ಜೇಡಿಮಣ್ಣು, ಬಟಾಣಿ ಪ್ರೋಟೀನ್ ಬಳಸೋರೂ ಇದಾರೆ. ಏನೂ ಹಾಕದೆ ತಾನಾಗೇ ತಿಳಿಯಾಗೋಕೆ ಬಿಡೋರೂ ಇದಾರೆ. ‘ವೇಗನ್’ ಗುರುತು ಇದ್ರೆ ನಿಶ್ಚಿಂತೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್ ಆದ್ರೆ ಯುರೋಪಿನಲ್ಲಿ ಪದಾರ್ಥಗಳ ಪಟ್ಟಿ ಕೊಡಲೇಬೇಕು, ಲೇಬಲ್ ಮೇಲೇ ಇರುತ್ತೆ, ಇಲ್ಲ ಬಾಟಲಿ ಮೇಲಿನ ಕ್ಯೂಆರ್ ಕೋಡ್ ಹೊಡೆದ್ರೆ ಸಿಗುತ್ತೆ. ಆದ್ರೆ ತಿಳಿಗೊಳಿಸೋಕೆ ಹಾಕಿ ತೆಗೆದದ್ದೆಲ್ಲ ಆ ಪಟ್ಟಿಯಲ್ಲಿ ಬರುತ್ತೆ ಅಂತ ನಂಬ್ಕೊಂಡು ಕೂರಬೇಡಿ. ತೋಟದವರಿಗೇ ಒಂದು ಮೇಲ್ ಹಾಕಿ ಕೇಳೋದು ಒಳ್ಳೇದು, ಸಣ್ಣ ತೋಟದವರು ಉತ್ತರ ಕೊಡ್ತಾರೆ.

ಲಿಯೋಂ_ಲಲಿತ:
ಅಯ್ಯೋ ರಾಮ, ಇದೊಂದು ಗೊತ್ತೇ ಇರಲಿಲ್ಲ. ಈಗಲೇ ಮೇಲ್ ಹಾಕ್ತೀನಿ, ಥ್ಯಾಂಕ್ಸ್ ಬನಶಂಕರಿ.

ಬಿಸಿಬೇಳೆಬಾತ್ ತೆಗೆದೆ. ಎಣ್ಣೆಗಾಯಿ, ಪೆಪ್ಪರ್ ಫ್ರೈ, ರತತೂಯ್, ಜೊತೆಗೆ ತುಪ್ಪದನ್ನ. ಸಿಹಿಗೆ ಹೋಳಿಗೆ ಮಾಡ್ಲಾ, ಅದರ ಜೊತೆ ಈ ವೈನ್ ನಡೆಯುತ್ತಾ?

ರಸಾಯನ_ರಾವ್:
ಹೋಳಿಗೆ ಮಾಡಿ, ವೈನ್ ಎತ್ತಿಡಿ.

ಮೈಸೂರು_ಮಂಜು_ಗ್ರೆನೋಬ್ಲ್:
ಶಿರಾಜ್ ಅಂದ್ರೆ ಇರಾನಿನ ಶಿರಾಜ್ ಊರಿಂದ ಬಂದಿದ್ದು ಅಂತ ಕೇಳಿದ್ದೆ. ಹಾಗಾದ್ರೆ ಸಿರಾ ಪರ್ಷಿಯಾದ್ದಲ್ವಾ?

ಅವಿನ್ಯೋಂ_ಅಣ್ಣ:
ಅಲ್ಲ ಮಂಜು. ಶಿಲುಬೆಯುದ್ಧದಿಂದ ಮರಳಿದ ಯೋಧ ಸಸಿ ತಂದ ಅನ್ನೋ ಕಥೆ ಚೆನ್ನಾಗಿದೆ, ಅಷ್ಟೇ. 1990ರ ದಶಕದ ಕೊನೆಗೆ ಡಿಎನ್‌ಎ ಪರೀಕ್ಷೆ ಮಾಡಿದಾಗ ತಂದೆ ತಾಯಿ ಇಬ್ಬರೂ ಇಲ್ಲೇ ಸಿಕ್ಕಿದ್ರು. ಒಂದು ಆರ್ದೆಶ್ ಕಡೆಯ ದ್ಯುರೇಜಾ, ಇನ್ನೊಂದು ಸವ್ವಾದ ಬಿಳಿ ಮೊಂದ್ಯೂಜ್. ನಿಮ್ಮ ಗ್ರೆನೋಬ್ಲ್ ಆಸುಪಾಸಿನ ಸಂಬಂಧ ಅನ್ನಿ!

ಕೋರಮಂಗಲ_ಕಿಟ್ಟಿ:
ನಮ್ಮ ನಂದಿ ಬೆಟ್ಟದ ಲಾ ರಿಸರ್ವ್ ವೈನ್ ಕೂಡ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ್ದು, ಅದು ಚೆನ್ನಾಗಿದೆ. ಫ್ರೆಂಚರು ಕ್ಯಾಬರ್ನೆಗೆ ಸಿರಾ ಬೆರೆಸಲ್ಲ ಅಲ್ವಾ, ಅಲ್ಲಿಗೆ ನಾವೇ ಮುಂದೆ.

ಚಿಕ್ಕಮಗಳೂರು_ಚೀಟಿ:
ಓಹೋ, ಈಗ ಬೆರೆಸಿದ್ದು ಚೆನ್ನಾಗಿದೆಯಾ?? 😂

ಮೊಂಪೆಲಿಯೆ_ಮಾಧವ:
19ನೇ ಶತಮಾನದಲ್ಲಿ ಕ್ಯಾಬರ್ನೆಗೆ ಹೆಸರಾದ ಬೋರ್ದೊದವರು ತಮ್ಮ ದೊಡ್ಡ ದೊಡ್ಡ ವೈನ್‌ಗಳಿಗೇ ಎರ್ಮಿತಾಜ್ ಸಿರಾ ಬೆರೆಸಿ ಗಟ್ಟಿ ಮಾಡ್ತಿದ್ರು. ಅದಕ್ಕೆ ‘ಎರ್ಮಿತಾಜೆ’ ಅಂತಲೇ ಹೆಸರು, ಮುಚ್ಚುಮರೆ ಏನೂ ಇರಲಿಲ್ಲ, ಬೆಲೆನೂ ಜಾಸ್ತಿ. ಈಗಿನ ಕಾನೂನಲ್ಲಿ ಬೋರ್ದೊ ಹೆಸರಿನ ವೈನ್‌ಗೆ ಅದು ನಡೆಯಲ್ಲ.

ಮೈಸೂರು_ಮಂಜು_ಗ್ರೆನೋಬ್ಲ್:
ಕಾನೂನು ಅಂದ್ರಲ್ಲ, ಶಾತೊನಫ್‌ನಲ್ಲಿ ಹಾರುವ ತಟ್ಟೆ ಇಳಿಸೋದು ನಿಷಿದ್ಧ ಅಂತ ಯಾರೋ ಹೇಳಿದ್ರು. ಕಾಲೆಳೀತಿದಾರಾ?

ಅವಿನ್ಯೋಂ_ಅಣ್ಣ:
ನಿಜಾನೇ! 1954ರಲ್ಲಿ ಫ್ರಾನ್ಸ್ ತುಂಬ ಹಾರುವ ತಟ್ಟೆ ಕಂಡೆವು ಅನ್ನೋ ಗದ್ದಲ. ಆಗ ಊರಿನ ಮೇಯರ್ ಆಜ್ಞೆ ಹೊರಡಿಸಿದ: ಹಾರುವ ತಟ್ಟೆಗಳು ಈ ಊರಿನ ಮೇಲೆ ಹಾರಬಾರದು, ಇಳೀಬಾರದು, ಇಳಿದರೆ ಜಪ್ತಿ. ಒಳ್ಳೇ ಪ್ರಚಾರ ಸಿಕ್ತು. ಆಜ್ಞೆ ಇವತ್ತಿಗೂ ರದ್ದಾಗಿಲ್ಲ.

ಆದ್ರೆ ಆ ಊರು ನಿಜವಾಗಿ ಮಾಡಿದ ದೊಡ್ಡ ಕೆಲಸ 1923ರದ್ದು. ಬರೋನ್ ಲ ರ್ವಾ ಅಂತ ಒಬ್ಬ ತೋಟಗಾರ, ಓದಿದ್ದು ಕಾನೂನು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಅವನ ಮುಂದಾಳತ್ವದಲ್ಲಿ ರೈತರು ತಾವೇ ಕೂತು ನಿಯಮ ಬರೆದ್ರು: ಯಾವ ನೆಲ, ಯಾವ ತಳಿ, ಆಲ್ಕೋಹಾಲ್ ಕನಿಷ್ಠ ಎಷ್ಟು. ಆಮೇಲೆ ಇಡೀ ಫ್ರಾನ್ಸ್‌ನ ವೈನ್ ಕಾನೂನು ಅದೇ ದಾರಿ ಹಿಡೀತು. ಫಿಲೋಕ್ಸೆರಾ ಅನ್ನೋ ಬೇರುಹುಳ 1860ರ ದಶಕದಲ್ಲಿ ಫ್ರಾನ್ಸಿಗೆ ಮೊದಲು ಬಡಿದದ್ದು ನಾನು ಮೇಲೆ ಹೇಳಿದ ಆ ರೊಕ್‌ಮೋರ್ ಸುತ್ತಮುತ್ತಲೇ. ತೋಟ ಸತ್ತು, ಕಲಬೆರಕೆ ಹೆಚ್ಚಿ, ರೇಟು ಬಿದ್ದು ಬೇಸತ್ತವರು ಬರೆದ ನಿಯಮ ಅದು. ಕಿಟ್ಟಿ, ಬೆರಕೆಗೂ ಕಲಬೆರಕೆಗೂ ಗೆರೆ ಎಳೆದವರೇ ಅವರು, ನೀನು ಅವರಿಗೇ ಪಾಠ ಹೇಳ್ತೀಯ.

ಧಾರವಾಡದಾಂವ:
ಅಣ್ಣಾರ, ರೇಟ್ ಹೇಳ್ರಿ ಮೊದ್ಲ. ಬಡವರು ಏನ್ ಕುಡೀಬೇಕು?

ಅವಿನ್ಯೋಂ_ಅಣ್ಣ:
ಸಾದಾ ಕೋತ್ ದ್ಯು ರೋನ್ 6ರಿಂದ 10 ಯೂರೋಗೆ ಚೆನ್ನಾಗಿರೋದೇ ಸಿಗುತ್ತೆ. ಅದರ ಮೇಲೆ ವಿಲಾಜ್, ಅದರ ಮೇಲೆ ಊರಿನ ಹೆಸರು ಸೇರಿದ ವಿಲಾಜ್, ಎಲ್ಲದರ ಮೇಲೆ ಜಿಗೊಂದಾಸ್, ವಕೆರಾಸ್, ಕೆರಾನ್ ಥರ ಸ್ವಂತ ಹೆಸರಿನವು. ಕೆರಾನ್‌ಗೆ ಆ ಭಾಗ್ಯ ಬಂದಿದ್ದು 2016ರಲ್ಲಿ, ಹೆಸರು ಅಷ್ಟು ಹಳೇದಾಗಿಲ್ಲದ ಕಾರಣ ಬೆಲೆ ಇನ್ನೂ ಕೈಗೆಟುಕುತ್ತೆ. ನಾನು ಹೆಚ್ಚಾಗಿ ತರೋದು ಅದೇ. ಶಾತೊನಫ್ ಅಂದ್ರೆ 25-30ರ ಕೆಳಗೆ ಒಳ್ಳೇದು ಸಿಗೋದು ಕಷ್ಟ.

ಇನ್ನೂ ಅಗ್ಗ ಬೇಕಾ? ಇಲ್ಲಿನ ರೈತರ ಸಹಕಾರ ಸಂಘದ ಮಳಿಗೆಗೆ ಕ್ಯಾನ್ ಹಿಡ್ಕೊಂಡು ಹೋಗಿ. ಗೋಡೆಗೆ ಸಾಲಾಗಿ ತೊಟ್ಟಿಯ ನಳಿಕೆಗಳು, ಪೆಟ್ರೋಲ್ ಬಂಕಿನಲ್ಲಿರ್ತಾವಲ್ಲ ಅಂಥದ್ದೇ ಪಿಸ್ತೂಲು. ನಿಮ್ಮ ಮುಂದಿನವರು ಕೃಷಿ ಟ್ರಾಕ್ಟರ್ ಇಳಿದು ಬಂದ ತಾತ ಇರ್ತಾರೆ, ಅವರ 10 ಲೀಟರ್ ಡಬ್ಬಿ ತುಂಬ್ತಿರುತ್ತೆ, ಮೀಟರ್ ಓಡ್ತಿರುತ್ತೆ, ನೆಲದ ಮೇಲೆಲ್ಲ ನೇರಳೆ ಕಲೆ. ಲೀಟರ್ ಲೆಕ್ಕದಲ್ಲಿ ದುಡ್ಡು. ವಾರದೊಳಗೆ ಬಾಟಲಿಗೆ ತುಂಬಿ ಬಿರಡೆ ಹಾಕದಿದ್ರೆ ವಿನೆಗರ್.

ಧಾರವಾಡದಾಂವ:
ಪೆಟ್ರೋಲ್ ಬಂಕಿನ್ಯಾಗ ವೈನ್! ವೀಸಾ ಹಾಕೇ ಬಿಡ್ತೀನಿ.

ಕೋರಮಂಗಲ_ಕಿಟ್ಟಿ:
ಸರಿ ಒಪ್ಪಿದೆ ಅಂತಲ್ಲ, ಕುತೂಹಲಕ್ಕೆ ಕೇಳ್ತಿದೀನಿ. ಮುಂದಿನ ತಿಂಗಳು ತಂಗಿ ಪ್ಯಾರಿಸ್‌ನಿಂದ ಬರ್ತಾಳೆ. ಆ ಕೆರಾನ್ ಮೂರು ಬಾಟಲಿ ತರಿಸಬಹುದಾ?

ಬ್ರಸೆಲ್ಸ್_ಬನಶಂಕರಿ:
ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್. ಒಂದು ಬಾಟಲಿ 75 ಸೆಂಟಿಲೀಟರ್, ಮೂರಾದ್ರೆ 2.25 ಲೀಟರ್ ಆಗುತ್ತೆ. ಎರಡು ತರೋಕೆ ಹೇಳಿ. ಚೆಕ್-ಇನ್ ಬ್ಯಾಗಲ್ಲಿ, ಸೀರೆ ಮಧ್ಯೆ ಸುತ್ತಿ ಅಲ್ಲ, ಬಿಳಿ ಬಟ್ಟೆ ಹತ್ತಿರನಂತೂ ಬೇಡವೇ ಬೇಡ.

ಮೊಂಪೆಲಿಯೆ_ಮಾಧವ:
37.5ರ ಅರ್ಧ ಬಾಟಲಿ ಒಂದು ಸೇರಿಸಿದ್ರೆ 1.875. ಲೆಕ್ಕದೊಳಗೇ ಬರುತ್ತೆ ಕಿಟ್ಟಿ. ಐಸ್ ಮಾತ್ರ ಹಾಕಬೇಡ.